ಹೆಂಡತಿಗೆ ಕೀಮೋ, ಕೈಯಲ್ಲಿ ಉಳಿದಿರುವುದು 11 ರಜೆ: ಕೆಲಸ ಬಿಡಲೇ?

ಪ್ರಶ್ನೆ: ನನಗೆ 43 ವರ್ಷ, ಊರು ತುಮಕೂರು. ಪೀಣ್ಯದ ಒಂದು ಕಾರ್ಖಾನೆಯ ಮೆಷಿನ್ ಶಾಪ್‌ನಲ್ಲಿ ಶಿಫ್ಟ್ ಇನ್‌ಚಾರ್ಜ್. ದಿನಾ ಓಡಾಡುತ್ತೇನೆ. ಹೆಂಡತಿಗೆ 38. ಎರಡನೇ ಹಂತದ ಸ್ತನ ಕ್ಯಾನ್ಸರ್ ಎಂದು ಗೊತ್ತಾಗಿ ಬೆಂಗಳೂರಿನಲ್ಲಿ ಚಿಕಿತ್ಸೆ ನಡೆಯುತ್ತಿದೆ. ಮೂರು ವಾರಕ್ಕೊಮ್ಮೆ ಕೊಡುವ ಕೆಂಪು ಔಷಧಿಯ ನಾಲ್ಕು ಕೀಮೋಗಳಲ್ಲಿ ಎರಡು ಮುಗಿದಿವೆ. ಆಮೇಲೆ ವಾರಕ್ಕೊಂದರಂತೆ 12, ನಂತರ ಆಪರೇಷನ್, ರೇಡಿಯೇಷನ್ ಎಂದಿದ್ದಾರೆ. ಮಗಳು ಎಸ್ಸೆಸ್ಸೆಲ್ಸಿ, ಮಗ ಐದನೇ ಕ್ಲಾಸು. ಮಂಡಿನೋವಿನ ಅಮ್ಮ ನಮ್ಮ ಜೊತೆಗಿದ್ದಾರೆ. ಹೆಂಡತಿಯ ತಟ್ಟೆ ಲೋಟ ಬೇರೆ ಇಟ್ಟಿದ್ದಾರೆ. ಟೆಸ್ಟು, ಸ್ಕ್ಯಾನು, ಎರಡು ಕೀಮೋ ಎಲ್ಲಕ್ಕೂ ನಾನೇ ರಜೆ ಹಾಕಿ ಹೋಗಿದ್ದೆ. ಈಗ 11 ರಜೆ ಉಳಿದಿವೆ. ‘ಇನ್ನೂ ಎಷ್ಟು ದಿನ ಹೀಗೆ?’ ಎಂದು ಮ್ಯಾನೇಜರ್ ಕೇಳಿದರು, ಏನು ಹೇಳಬೇಕೋ ತಿಳಿಯಲಿಲ್ಲ. ಕಂಪನಿಯ ಗ್ರೂಪ್ ಮೆಡಿಕ್ಲೇಮ್ ಇದೆ, ಅರ್ಧ ಖರ್ಚಾಗಿದೆ. ಅವಳು ಮನೆಯಲ್ಲೇ ಟೈಲರಿಂಗ್ ಮಾಡುತ್ತಿದ್ದಳು, ರೆಸ್ಟ್ ಸಿಗಲಿ ಎಂದು ಮೆಷಿನ್ ಮುಚ್ಚಿಸಿದ್ದೇನೆ. ಈಚೆಗೆ ಮಾತೇ ಕಡಿಮೆ. ಮೊನ್ನೆ ‘ದುಡ್ಡೆಲ್ಲ ನನಗೇ ಸುರೀತಿದೀರಿ, ಸಾಕು ಬಿಡಿ’ ಅಂದಳು. ನಾನು ರೇಗಿಬಿಟ್ಟೆ. ಕೆಲಸ ಬಿಟ್ಟು ಅವಳ ಜೊತೆಗೇ ಇರಲೇ?

ಉತ್ತರ: ಕೆಲಸ ಬಿಡಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮ ಪತ್ರ ಓದಿದರೆ ರಾಜೀನಾಮೆ ಆಗಲೇ ಬರೆದು ಜೇಬಿನಲ್ಲಿಟ್ಟುಕೊಂಡಿದ್ದೀರೇನೋ ಅನ್ನಿಸುತ್ತದೆ. ನೀವು ಕೆಲಸ ಬಿಟ್ಟರೆ ಸಂಬಳದ ಜೊತೆಗೆ ಗ್ರೂಪ್ ಮೆಡಿಕ್ಲೇಮ್ ಕೂಡ ಹೋಗುತ್ತದೆ. ಈಗ ನಿಮ್ಮ ಮನೆಯವರ ಹೆಸರಿನಲ್ಲಿ ಹೊಸ ಪಾಲಿಸಿ ಮಾಡಿಸಲು ಹೋದರೆ ಕಂಪನಿಗಳು ಬೇಡವೆನ್ನಬಹುದು. ಕೊಟ್ಟರೂ ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಿಸಬಹುದು. ಚಿಕಿತ್ಸೆಯ ದುಬಾರಿ ಭಾಗ ಇನ್ನೂ ಮುಂದಿದೆ. ‘ದುಡ್ಡೆಲ್ಲ ನನಗೇ ಸುರೀತಿದೀರಿ’ ಎಂದು ಈಗಲೇ ಕೊರಗುತ್ತಿರುವವರಿಗೆ ‘ನನ್ನಿಂದ ಇವರ ಕೆಲಸವೂ ಹೋಯಿತು’ ಎಂಬ ಇನ್ನೊಂದು ಭಾರ ಬೇಡ.

ಕ್ಯಾನ್ಸರ್ ವಾರ್ಡಿನಲ್ಲಿ ಆಪ್ತಸಮಾಲೋಚಕಿಯಾಗಿ ನನಗೆ ಹತ್ತೊಂಬತ್ತು ವರ್ಷವಾಯಿತು. ನಿಮ್ಮಂಥ ಗಂಡಂದಿರನ್ನು ಬಹಳ ನೋಡಿದ್ದೇನೆ. ಎಲ್ಲ ಕಡೆಯೂ ತಾವೇ ಇರಬೇಕು ಅಂದುಕೊಂಡು ಮೊದಲ ಎರಡು ತಿಂಗಳಲ್ಲೇ ರಜೆ, ಹಣ, ತಾಳ್ಮೆ ಮೂರನ್ನೂ ಮುಗಿಸಿಕೊಳ್ಳುತ್ತಾರೆ. ಆದರೆ ಈ ಚಿಕಿತ್ಸೆಗೆ ಒಂದು ಲೆಕ್ಕಾಚಾರ ಇದೆ. ಯಾವ ದಿನ ಕಷ್ಟ, ಯಾವ ದಿನ ಹಗುರ ಎಂಬುದು ಸುಮಾರಾಗಿ ಮೊದಲೇ ಗೊತ್ತಿರುತ್ತದೆ. ಮೆಷಿನ್ ಶಾಪಿನಲ್ಲಿ ವಾರದ ಲೋಡ್ ಪ್ಲಾನ್ ಮಾಡುವವರಿಗೆ ಇದನ್ನು ವಿವರಿಸುವುದು ಸುಲಭ.

ಉಳಿದಿರುವ ಎರಡು ಕೆಂಪು ಕೀಮೋಗೆ ಆರು ವಾರ. ವಾರದ ಕೀಮೋಗೆ 12 ವಾರ. ದೇಹ ಸುಧಾರಿಸಿಕೊಳ್ಳಲು ಮೂರ್ನಾಲ್ಕು ವಾರ ಬಿಟ್ಟು ಆಪರೇಷನ್. ಗಾಯ ಮಾಯಲು ನಾಲ್ಕರಿಂದ ಆರು ವಾರ. ಆಮೇಲೆ ರೇಡಿಯೇಷನ್, ಸಾಮಾನ್ಯವಾಗಿ ಸೋಮವಾರದಿಂದ ಶುಕ್ರವಾರದವರೆಗೆ, 15ರಿಂದ 25 ಸಲ. ಒಟ್ಟು ಏಳೆಂಟು ತಿಂಗಳು. ಆ ನಂತರ ಅವರ ಗಡ್ಡೆಯ ಗುಣ ನೋಡಿ ಐದು ವರ್ಷ ಅಥವಾ ಇನ್ನೂ ಹೆಚ್ಚು ಕಾಲದ ಹಾರ್ಮೋನ್ ಮಾತ್ರೆಯೋ, ಒಂದು ವರ್ಷದವರೆಗೆ ಮೂರು ವಾರಕ್ಕೊಮ್ಮೆ ಇಂಜೆಕ್ಷನ್ನೋ ಇರಬಹುದು. ಅವಕ್ಕೆ ನೀವು ರಜೆ ಹಾಕಿ ಕೂರಬೇಕಾಗಿಲ್ಲ. ಮ್ಯಾನೇಜರ್ ಕೇಳಿದ ‘ಎಷ್ಟು ದಿನ’ ಎಂಬ ಪ್ರಶ್ನೆಗೆ ಇದೇ ಉತ್ತರ.

ಈಗ ನಿಮ್ಮ 11 ರಜೆಯ ವಿಷಯ. ಕೀಮೋ ದಿನಕ್ಕೆ ರಜೆ ಹಾಕುವುದನ್ನು ನಿಲ್ಲಿಸಿ. ಕೇಳಲು ಕಠೋರ ಅನ್ನಿಸಬಹುದು. ಆದರೆ ಆ ದಿನ ಅವರ ಸುತ್ತ ನರ್ಸ್ ಇರುತ್ತಾರೆ, ಡಾಕ್ಟರ್ ಇರುತ್ತಾರೆ, ವಾಂತಿ ತಡೆಯುವ ಔಷಧಿ ಮತ್ತು ಸ್ಟೀರಾಯ್ಡ್ ಡ್ರಿಪ್‌ನಲ್ಲೇ ಹೋಗಿರುತ್ತದೆ. ಬಹಳಷ್ಟು ಹೆಂಗಸರು ಆ ಸಂಜೆ ಮನೆಗೆ ಬಂದು ಚೆನ್ನಾಗಿಯೇ ಊಟ ಮಾಡುತ್ತಾರೆ. ಕಷ್ಟ ಶುರುವಾಗುವುದು ಆ ಔಷಧಿಗಳ ಬಲ ಇಳಿದ ಮೇಲೆ, ಎರಡನೇ ದಿನದಿಂದ ಐದನೇ ದಿನದೊಳಗೆ. ಹೊಟ್ಟೆ ತೊಳಸುವುದು, ಬಾಯಿಗೆಲ್ಲ ಕಬ್ಬಿಣದ ರುಚಿ, ಒಗ್ಗರಣೆ ವಾಸನೆಗೇ ವಾಕರಿಕೆ, ವಾಂತಿ ಮಾತ್ರೆಯಿಂದಲೇ ಬರುವ ಮಲಬದ್ಧತೆ, ಎದ್ದು ಕೂರಲಾಗದ ಸುಸ್ತು. ಆಗ ಮನೆಯಲ್ಲಿರುವುದು ಯಾರು? ಮಂಡಿನೋವಿನ ಅತ್ತೆ, ಪರೀಕ್ಷೆಗೆ ಓದಬೇಕಾದ ಮಗಳು. ನೀವು ಪೀಣ್ಯದಲ್ಲಿ.

ಆದ್ದರಿಂದ ಕೀಮೋ ದಿನ ಅವರ ಜೊತೆ ನಿಮ್ಮ ನಾದಿನಿಯೋ ಅಕ್ಕನೋ ಪಕ್ಕದ ಮನೆಯವರೋ ಹೋಗಲಿ. ‘ಏನಾದರೂ ಬೇಕಿದ್ದರೆ ಹೇಳಿ’ ಎಂದು ಹೇಳಿಹೋದವರು ಐದಾರು ಜನ ಇದ್ದೇ ಇರುತ್ತಾರೆ. ಅವರು ಬಾಯಿಮಾತಿಗೆ ಹೇಳಿದ್ದಲ್ಲ, ಏನು ಮಾಡಬೇಕೆಂದು ಗೊತ್ತಿಲ್ಲದೆ ಹಾಗೆ ಹೇಳಿರುತ್ತಾರೆ. ಇಂಥ ತಾರೀಖು, ಬೆಳಿಗ್ಗೆ ಇಷ್ಟು ಹೊತ್ತಿಗೆ, ಇಂಥ ಕಡೆ ಎಂದು ಕೇಳಿ ನೋಡಿ, ಬರುತ್ತಾರೆ. ನೀವು ಮೂರನೇ ಮತ್ತು ನಾಲ್ಕನೇ ದಿನಕ್ಕೆ ರಜೆ ಹಾಕಿ. ಹಿಂದಿನ ಎರಡು ಸಲ ಅವರಿಗೆ ಯಾವ ದಿನ ಹೆಚ್ಚು ತ್ರಾಸಾಯಿತು ಎಂದು ಅವರನ್ನೇ ಕೇಳಿ, ಅದಕ್ಕೆ ತಕ್ಕ ಹಾಗೆ ಹಿಂದೆ ಮುಂದೆ ಮಾಡಿಕೊಳ್ಳಿ. ಎರಡು ಕೀಮೋಗೆ ನಾಲ್ಕು ರಜೆ ಆಯಿತು. ಆಪರೇಷನ್‌ಗೆ ನಾಲ್ಕು: ಆ ದಿನ, ಮಾರನೇ ದಿನ, ಡಿಸ್ಚಾರ್ಜ್ ದಿನ, ಮನೆಗೆ ಬಂದ ಮೊದಲ ದಿನ. ಅಲ್ಲಿ ನೀವೇ ಇರಬೇಕು. ಗಾಯದಿಂದ ಒಸರುವ ದ್ರವ ಹೊರಹೋಗಲು ಪಕ್ಕದಲ್ಲಿ ಒಂದು ಡ್ರೈನ್ ಟ್ಯೂಬ್ ಇಟ್ಟು ಕಳಿಸಬಹುದು. ಅದರಲ್ಲಿ ಎಷ್ಟು ಎಂಎಲ್ ಬಂತು ಎಂದು ಬೆಳಿಗ್ಗೆ ಸಂಜೆ ಅಳೆದು ಬರೆಯುವುದನ್ನು ಡಿಸ್ಚಾರ್ಜ್‌ಗೆ ಮುಂಚೆ ನರ್ಸ್ ಮುಂದೆಯೇ ಒಮ್ಮೆ ಮಾಡಿ ಕಲಿತುಕೊಳ್ಳಿ. ಉಳಿದ ಮೂರು ರಜೆಯನ್ನು ಜಪ್ಪಯ್ಯ ಅಂದರೂ ಮುಟ್ಟಬೇಡಿ. ಅವು ಜ್ವರಕ್ಕೆ.

ಜ್ವರದ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಕೀಮೋ ಆದ ಏಳರಿಂದ ಹದಿನಾಲ್ಕನೇ ದಿನದ ನಡುವೆ ಬಿಳಿ ರಕ್ತಕಣಗಳು ತಳ ಮುಟ್ಟುತ್ತವೆ. ಆಗ ಬರುವ ಜ್ವರ ಮಾಮೂಲಿ ಜ್ವರವಲ್ಲ. ಕೆಲವು ವರ್ಷದ ಹಿಂದೆ ಒಬ್ಬ ಗಂಡ ಹೆಂಡತಿಗೆ ರಾತ್ರಿ ಹತ್ತಕ್ಕೆ ಚಳಿ ಬಂದಾಗ ಪ್ಯಾರಾಸಿಟಮಾಲ್ ಕೊಟ್ಟು ಹೊದಿಸಿ ಮಲಗಿಸಿದರು. ಮಾತ್ರೆಗೆ ಜ್ವರ ಇಳಿಯಿತು, ಬೆಳಗಿನ ಶಿಫ್ಟ್ ತಪ್ಪಿಸಲಾಗದು ಎಂದು ಅವರು ಹೋದರು. ಮಧ್ಯಾಹ್ನ ಆಕೆಯನ್ನು ನಮ್ಮಲ್ಲಿಗೆ ಕರೆತಂದಾಗ ಬಿಪಿ ಸಿಗುತ್ತಿರಲಿಲ್ಲ. ಎಂಟು ದಿನ ಐಸಿಯು. ಆಕೆ ಉಳಿದುಕೊಂಡರು, ದೇವರ ದಯೆ. ಆ ಎಂಟೂ ದಿನ ಐಸಿಯು ಹೊರಗಿನ ಬೆಂಚಿನ ಮೇಲೆ ಆತ ಕೈಯಲ್ಲಿ ಥರ್ಮಾಮೀಟರ್ ಹಿಡಿದು ಕೂತಿರುತ್ತಿದ್ದದ್ದು ನನಗೆ ಇವತ್ತಿಗೂ ಮರೆತಿಲ್ಲ. ಮನೆಯಲ್ಲಿ ಥರ್ಮಾಮೀಟರ್ ಇತ್ತು, ನೋಡಿರಲಿಲ್ಲ.

100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತೋ, ಅಥವಾ ನಡುಕ ಬಂತೋ, ಹೊತ್ತು ನೋಡದೆ ಆಸ್ಪತ್ರೆಗೆ ಹೊರಡಬೇಕು. ಮಾತ್ರೆ ಕೊಟ್ಟು ನೋಡೋಣ ಅನ್ನುವಂತಿಲ್ಲ. ಬೆಂಗಳೂರಿಗೇ ಬರಬೇಕೆಂದು 70 ಕಿಲೋಮೀಟರ್ ದಾರಿಯಲ್ಲಿ ಹೊತ್ತು ಕಳೆಯುವುದೂ ಬೇಡ. ಮುಂದಿನ ಸಲ ಹೋದಾಗ ಡಾಕ್ಟರನ್ನು ಕೇಳಿ: ‘ರಾತ್ರಿ ಜ್ವರ ಬಂದರೆ ತುಮಕೂರಿನಲ್ಲಿ ಎಲ್ಲಿಗೆ ಕರೆದುಕೊಂಡು ಹೋಗಲಿ?’ ಅಲ್ಲಿನ ಕ್ಯಾಶುವಾಲ್ಟಿಗೆ ತೋರಿಸಲು ಒಂದು ಚೀಟಿ ಬರೆಸಿಕೊಳ್ಳಿ, ಯಾವ ಕೀಮೋ, ಯಾವ ತಾರೀಖು, ಜ್ವರ ಬಂದರೆ ತಕ್ಷಣ ಆ್ಯಂಟಿಬಯಾಟಿಕ್ ಶುರು ಮಾಡಿ ಎಂದು. ಆ ಚೀಟಿ, ಫೈಲು, ಎರಡು ಜೊತೆ ಬಟ್ಟೆ, ಚಾರ್ಜರ್ ಒಂದು ಬ್ಯಾಗಿನಲ್ಲಿ ಬಾಗಿಲ ಹಿಂದೆ ನೇತಾಡುತ್ತಿರಲಿ. ಮಗಳಿಗೆ ಥರ್ಮಾಮೀಟರ್ ಓದುವುದನ್ನೂ ನಿಮಗೆ ಫೋನ್ ಮಾಡುವುದನ್ನೂ ಹೇಳಿಕೊಡಿ. ಅಡುಗೆ ಕೆಲಸ ಮಾತ್ರ ಅವಳ ತಲೆಗೆ ಕಟ್ಟಬೇಡಿ. ಮಾರ್ಚ್‌ನಲ್ಲಿ ಪರೀಕ್ಷೆ ಇರುವ ಹುಡುಗಿ, ಕೇಳಿದರೆ ಇಲ್ಲ ಅನ್ನುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಅರ್ಧ ದಿನಕ್ಕೆ ಅಡುಗೆಯವರನ್ನು ಇಟ್ಟುಕೊಳ್ಳುವ ಖರ್ಚು ಈಗ ದುಂದಲ್ಲ.

ಮ್ಯಾನೇಜರ್ ಹತ್ತಿರ ಹೋಗುವಾಗ ಆಸ್ಪತ್ರೆಯಿಂದ ಚಿಕಿತ್ಸೆಯ ವೇಳಾಪಟ್ಟಿಯ ಪತ್ರ ತೆಗೆದುಕೊಂಡು ಹೋಗಿ. ಕೇಳಿದರೆ ಕೊಡುತ್ತಾರೆ. ನಮ್ಮ ಖಾಸಗಿ ಕಾರ್ಖಾನೆಗಳಲ್ಲಿ ಹೆಂಡತಿಯ ಕಾಯಿಲೆಗೆಂದೇ ಕಾನೂನು ಕೊಡುವ ರಜೆ ಇಲ್ಲ. ಹಾಗಾಗಿ ಇದು ಮಾತುಕತೆಯಲ್ಲೇ ಆಗಬೇಕಾದ ಕೆಲಸ. ‘ಯಾವಾಗ ಬೇಕಾದರೂ ರಜೆ ಬೇಕಾಗಬಹುದು ಸರ್’ ಎಂದರೆ ಯಾವ ಮ್ಯಾನೇಜರಿಗೂ ಭಯವಾಗುತ್ತದೆ. ‘ಈ ತಾರೀಖುಗಳಲ್ಲಿ ನಾನಿಲ್ಲ, ಈ 12 ವಾರ ಕೀಮೋ ದಿನ ನನಗೆ ಸೆಕೆಂಡ್ ಶಿಫ್ಟ್ ಕೊಡಿ, ಬದಲಿಗೆ ಇಂಥವರ ಶಿಫ್ಟ್ ನಾನು ನೋಡಿಕೊಳ್ಳುತ್ತೇನೆ’ ಎಂದು ಹಾಳೆಯ ಮೇಲೆ ಬರೆದು ಕೊಟ್ಟರೆ ಅವರಿಗೂ ಮೇಲಿನವರಿಗೆ ತೋರಿಸಲು ಒಂದು ಕಾಗದ ಸಿಗುತ್ತದೆ. ಪೀಣ್ಯ ತುಮಕೂರು ರಸ್ತೆಯಲ್ಲೇ ಇರುವುದು ನಿಮ್ಮ ಅದೃಷ್ಟ. ಬೆಳಿಗ್ಗೆ ಅವರನ್ನು ಆಸ್ಪತ್ರೆಗೆ ಬಿಟ್ಟು ಮಧ್ಯಾಹ್ನ ಎರಡಕ್ಕೆ ಶುರುವಾಗುವ ಶಿಫ್ಟಿಗೆ ಹೋದರೆ, ಸಂಜೆ ನಾದಿನಿ ಅವರನ್ನು ಮನೆಗೆ ಕರೆದುಕೊಂಡು ಹೋಗಬಹುದು. ರೇಡಿಯೇಷನ್‌ಗೆ ದಿನಕ್ಕೆ ಹಿಡಿಯುವುದು ಹತ್ತು ಹದಿನೈದು ನಿಮಿಷ, ಓಡಾಟವೇ ದೊಡ್ಡದು. ಬೆಳಗಿನ ಸ್ಲಾಟ್ ಬೇಕೆಂದು ಪ್ಲಾನಿಂಗ್ ದಿನವೇ ಕೇಳಿ, ಆ ವಾರಗಳಿಗೆ ಬೆಂಗಳೂರಿನ ನೆಂಟರ ಮನೆಯನ್ನೋ ಆಸ್ಪತ್ರೆಯ ಧರ್ಮಶಾಲೆಯನ್ನೋ ಮೊದಲೇ ನೋಡಿಟ್ಟುಕೊಳ್ಳಿ.

ಹಣದ ದಾರಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಪಾಲಿಸಿಯ ಮಿತಿ ಮುಗಿಯುವ ಮುಂಚೆಯೇ ಎಚ್‌ಆರ್‌ನಲ್ಲಿ ಕಾರ್ಪೊರೇಟ್ ಬಫರ್ ಇದೆಯೇ ಕೇಳಿ. ದೊಡ್ಡ ಕಾಯಿಲೆಗೆಂದು ಕೆಲವು ಕಂಪನಿಗಳು ಹೆಚ್ಚುವರಿ ಮೊತ್ತ ಇಟ್ಟಿರುತ್ತವೆ, ಕೇಳದಿದ್ದರೆ ಯಾರೂ ಹೇಳುವುದಿಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್ ಆದರೂ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ ಸಿಗುತ್ತದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕಾಗುತ್ತದೆ, ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಪಿಎಫ್‌ನಿಂದ ಮನೆಯವರ ಚಿಕಿತ್ಸೆಗೆ ಮುಂಗಡ ತೆಗೆಯಬಹುದು, ಅದನ್ನು ಮರಳಿ ಕಟ್ಟಬೇಕಿಲ್ಲ. ಬಡ್ಡಿಗೆ ಕೈಸಾಲ ಮಾಡುವ ಮೊದಲು ಅದನ್ನು ನೋಡಿ. ಇದನ್ನು ಓದುತ್ತಿರುವ ಬೇರೆ ಯಾರಿಗಾದರೂ ಸಂಬಳ 21,000 ರೂಪಾಯಿಯ ಒಳಗಿದ್ದು ಇಎಸ್‌ಐ ಕಡಿತವಾಗುತ್ತಿದ್ದರೆ, ಹೆಂಡತಿ ಮಕ್ಕಳ ಚಿಕಿತ್ಸೆಯೂ ಅದರಲ್ಲಿ ಬರುತ್ತದೆ ಎಂಬುದು ನೆನಪಿರಲಿ.

ಇಷ್ಟೆಲ್ಲ ನಿಮ್ಮ ಕೆಲಸದ ಮಾತಾಯಿತು. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಮಾತ್ರ ಬೇರೆ ಕಡೆ. ನಿಮ್ಮ ಕೆಲಸದ ಬಗ್ಗೆ ಅಷ್ಟು ಬರೆದಿದ್ದೀರಿ, ಅವರ ಕೆಲಸದ ಬಗ್ಗೆ ಒಂದೇ ಸಾಲು: ‘ಮೆಷಿನ್ ಮುಚ್ಚಿಸಿದ್ದೇನೆ.’ ಅದರ ಬೆನ್ನಿಗೇ ‘ಈಚೆಗೆ ಮಾತೇ ಕಡಿಮೆ’ ಎಂದೂ ಬರೆದಿದ್ದೀರಿ. ಈ ಎರಡು ಸಾಲು ಅಕ್ಕಪಕ್ಕದಲ್ಲೇ ಇವೆ, ನೀವು ಗಮನಿಸಿದಿರೋ ಇಲ್ಲವೋ.

ನೀವು ಪ್ರೀತಿಯಿಂದಲೇ ಮಾಡಿದ್ದೀರಿ, ಅದರಲ್ಲಿ ಅನುಮಾನವಿಲ್ಲ. ಆದರೆ ಅವರ ಜಾಗದಲ್ಲಿ ನಿಂತು ನೋಡಿ. ಮೊದಲ ಕೀಮೋ ಆಗಿ ಎರಡು ಮೂರು ವಾರಕ್ಕೆ ಕೂದಲು ದಿಂಬಿನ ಮೇಲೆ ಕಂತೆಕಂತೆಯಾಗಿ ಬಂದಿರುತ್ತದೆ. ಅಡುಗೆಮನೆ ಅತ್ತೆಯ ಕೈಗೆ ಹೋಯಿತು. ತಟ್ಟೆ ಲೋಟ ಬೇರೆಯಾಯಿತು. ಬ್ಲೌಸ್ ಅಳತೆ ಕೊಡಲು ಬಂದು ಬಾಗಿಲಲ್ಲಿ ಕೂತು ನಾಲ್ಕು ಮಾತಾಡಿ ಹೋಗುತ್ತಿದ್ದ ಹೆಂಗಸರನ್ನು ನೀವು ವಾಪಸ್ ಕಳಿಸಿದಿರಿ. ‘ಟೈಲರ್ ಅಕ್ಕ’ ಅನ್ನುವವರು ಇಲ್ಲವಾದರು, ‘ಪಾಪ’ ಅನ್ನುವವರು ಉಳಿದರು. ನಮ್ಮ ಡೇ ಕೇರ್‌ನಲ್ಲಿ ಒಬ್ಬ ಹೆಣ್ಣುಮಗಳು ಡ್ರಿಪ್ ಹಾಕಿಸಿಕೊಂಡು ಕೂತಿದ್ದಾಗ ಮೆಲ್ಲಗೆ ಹೇಳಿದ ಮಾತಿದು: ‘ನಮ್ಮವರು ಬಂದ ತಕ್ಷಣ ಮಾತ್ರೆ ತಗೊಂಡ್ಯಾ, ಊಟ ಮಾಡಿದ್ಯಾ, ಜ್ವರ ನೋಡಿದ್ಯಾ ಅಂತಾರೆ ಮೇಡಂ. ಮೊದಲೆಲ್ಲ ಇವತ್ತು ಅಂಗಡೀಲಿ ಏನಾಯ್ತು ಗೊತ್ತಾ ಅಂತ ಶುರು ಮಾಡೋರು.’ ಆಕೆಗೆ ಬೇಕಿದ್ದದ್ದು ಆ ಅಂಗಡಿಯ ಸುದ್ದಿ. ನೀವೂ ಪೀಣ್ಯದ ಸುದ್ದಿ ಹೇಳಿ. ಯಾವ ಮೆಷಿನ್ ಕೆಟ್ಟಿತು, ಯಾರು ಯಾರಿಗೆ ಬೈದರು, ಎಲ್ಲ.

ರೇಗಿದ್ದಕ್ಕೆ ನೀವು ಬಹಳ ನೊಂದಿದ್ದೀರಿ. ‘ಸಾಕು ಬಿಡಿ’ ಎಂದು ಅವರು ಅಂದದ್ದು ನಿಮಗೆ ‘ನಾನು ಸಾಯುತ್ತೇನೆ’ ಎಂದು ಕೇಳಿಸಿರಬೇಕು, ಅದಕ್ಕೇ ಅಷ್ಟು ಸಿಟ್ಟು. ಅದನ್ನೇ ಅವರಿಗೆ ಹೇಳಿ. ‘ನೀನು ಹಾಗಂದಾಗ ನನಗೆ ಹೆದರಿಕೆ ಆಯ್ತು, ಅದಕ್ಕೆ ಕೂಗಾಡಿದೆ’ ಎಂದು. ಇಷ್ಟು ದಿನ ನೀವು ಅವರ ಮುಂದೆ ಧೈರ್ಯವನ್ನಷ್ಟೇ ತೋರಿಸಿದ್ದೀರಿ. ಗಂಡನಿಗೂ ಭಯ ಇದೆ ಎಂದು ಗೊತ್ತಾದರೆ ಹೆಂಡತಿ ತನ್ನ ಭಯವನ್ನು ಬಚ್ಚಿಟ್ಟುಕೊಳ್ಳುವುದು ಕಡಿಮೆಯಾಗುತ್ತದೆ. ಹಣದ ಲೆಕ್ಕವನ್ನೂ ಮುಚ್ಚಿಡಬೇಡಿ. ಇಷ್ಟು ಪಾಲಿಸಿಯಿಂದ, ಇಷ್ಟು ಪಿಎಫ್‌ನಿಂದ ಎಂದು ಪುಸ್ತಕ ತೆರೆದು ತೋರಿಸಿ. ಮನೆ ಲೆಕ್ಕ ಇಷ್ಟು ವರ್ಷ ಅವರೂ ನೋಡಿದವರಲ್ಲವೇ? ಆದರೆ ‘ಸಾಕು’ ಎಂಬ ಮಾತು ಮತ್ತೆ ಮತ್ತೆ ಬಂದರೆ, ಬೆಳಗಿನಿಂದ ಸಂಜೆಯವರೆಗೆ ಗೋಡೆಗೆ ಮುಖ ಮಾಡಿ ಮಲಗುವುದು ಎರಡು ವಾರ ಮುಂದುವರಿದರೆ, ಅದು ಬರೀ ಬೇಸರವಲ್ಲ. ಕ್ಯಾನ್ಸರ್ ಡಾಕ್ಟರಿಗೆ ಹೇಳಿ, ಮನೋವೈದ್ಯರನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಆ ನಂಬರು ನಿಮಗೂ ಸೇರಿಯೇ.

ಅಮ್ಮ ತಟ್ಟೆ ಲೋಟ ಬೇರೆ ಇಟ್ಟಿರುವ ವಿಷಯ ಈ ವಾರವೇ ಸರಿಮಾಡಿ. ಕ್ಯಾನ್ಸರ್ ಅಂಟುವುದಿಲ್ಲ. ಊಟ ಹಂಚಿಕೊಂಡರೂ ಇಲ್ಲ, ಪಕ್ಕದಲ್ಲಿ ಮಲಗಿದರೂ ಇಲ್ಲ. ಕೀಮೋ ಆದ ಎರಡು ದಿನ ಮೈಯಿಂದ ಔಷಧಿ ಹೊರಬೀಳುತ್ತಿರುತ್ತದೆ, ಆಗ ವಾಂತಿ ಬಳಿಯುವಾಗ, ಬಟ್ಟೆ ಒಗೆಯುವಾಗ ಗ್ಲೌಸ್ ಹಾಕಿಕೊಂಡರೆ, ಟಾಯ್ಲೆಟ್‌ಗೆ ಎರಡು ಸಲ ನೀರು ಬಿಟ್ಟರೆ ಸಾಕು. ಅಮ್ಮನಿಗೆ ನೀವು ಹೇಳಿದರೆ ಬೇಜಾರಾಗಬಹುದು, ಡಾಕ್ಟರ್ ಬಾಯಿಂದ ಫೋನಿನಲ್ಲಿ ಹೇಳಿಸಿ. ಮಗನಿಗೆ ನೆಗಡಿ ಕೆಮ್ಮು ಇಲ್ಲದಿದ್ದರೆ ಅವನು ತನ್ನ ಅಮ್ಮನ ಮಗ್ಗುಲಲ್ಲೇ ಮಲಗಲಿ. ನೆಂಟರು ತಂದುಕೊಡುವ ಬೇರು, ಕಷಾಯ, ಪುಡಿ ಯಾವುದನ್ನೂ ಕೀಮೋ ನಡೆಯುತ್ತಿರುವಾಗ ಡಾಕ್ಟರನ್ನು ಕೇಳದೆ ಕೊಡಬೇಡಿ. ಕೊಟ್ಟವರಿಗೆ ನಮಸ್ಕಾರ ಹೇಳಿ ಎತ್ತಿಡಿ. ರಾಗಿ ಗಂಜಿ, ಮೆತ್ತಗಿನ ಅನ್ನ, ಬೇಳೆ, ಚೆನ್ನಾಗಿ ಬೆಂದ ಮೊಟ್ಟೆ, ಅವರ ಬಾಯಿಗೆ ಹಿಡಿಸಿದ್ದನ್ನು ಸ್ವಲ್ಪ ಸ್ವಲ್ಪವೇ, ಬಿಸಿಯಾಗಿ.

ನಿಮ್ಮ ನಿದ್ದೆಯ ಬಗ್ಗೆ ಒಂದು ಮಾತು. ಮೂರು ತಾಸು ಮಲಗಿ ಎದ್ದು ತಿರುಗುವ ಮೆಷಿನ್ ಪಕ್ಕ ನಿಲ್ಲಬೇಡಿ, ರಾತ್ರಿ ಹತ್ತಕ್ಕೆ ಶಿಫ್ಟ್ ಮುಗಿಸಿ ಹೈವೇಯಲ್ಲಿ ಬೈಕ್ ಓಡಿಸಬೇಡಿ. ಕೀಮೋ ವಾರದಲ್ಲಿ ಬಸ್ಸಿನಲ್ಲೇ ಓಡಾಡಿ, ಆ ಒಂದೂವರೆ ಗಂಟೆ ಕಣ್ಣು ಮುಚ್ಚಿಕೊಳ್ಳಬಹುದು.

ಮತ್ತೆ ಆ ಮೆಷಿನ್ ಬಗ್ಗೆ. ಪ್ರತಿ ಕೆಂಪು ಕೀಮೋದ ಮೂರನೇ ವಾರ ಸಾಮಾನ್ಯವಾಗಿ ಒಳ್ಳೆಯ ವಾರ. ರುಚಿ ಮರಳುತ್ತದೆ, ಕೈಕಾಲಿಗೆ ಬಲ ಬರುತ್ತದೆ. ಕ್ಯಾನ್ಸರ್ ಸುಸ್ತು ಹಗಲೆಲ್ಲ ಮಲಗಿದರೆ ಹೋಗುವುದಿಲ್ಲ, ಸ್ವಲ್ಪ ಓಡಾಟ, ಸ್ವಲ್ಪ ಕೆಲಸ ಇದ್ದರೇ ಹಗುರವಾಗುತ್ತದೆ. ಆ ವಾರದಲ್ಲಿ ಹೊಲಿಯುತ್ತೀಯಾ ಎಂದು ಕೇಳಿ. ದಿನಕ್ಕೆ ಅರ್ಧ ಗಂಟೆ, ಒಂದು ಫಾಲ್ಸ್ ಕೂರಿಸುವುದೋ ಹುಕ್ಸ್ ಹಾಕುವುದೋ. ಸೂಜಿ ಚುಚ್ಚದಂತೆ ಬೆರಳಿಗೆ ಅಂಗುಸ್ತಾನ ಇರಲಿ, ಗಿರಾಕಿಗಳು ಜಗಲಿಯಲ್ಲೇ ಕೂರಲಿ, ಕೆಮ್ಮಿರುವವರು ಬೇಡ. ವಾರದ ಕೀಮೋ ಶುರುವಾದ ಮೇಲೆ ಅವರ ಬೆರಳ ತುದಿ ಜೋಮು ಹಿಡಿಯಬಹುದು. ದಾರ ಪೋಣಿಸಲು ಆಗುತ್ತಿಲ್ಲ, ಬ್ಲೌಸಿನ ಹುಕ್ ಹಾಕಿಕೊಳ್ಳಲು ಆಗುತ್ತಿಲ್ಲ ಎಂದರೆ ಮುಂದಿನ ಡೋಸ್‌ಗೆ ಮುಂಚೆಯೇ ಡಾಕ್ಟರಿಗೆ ಹೇಳಬೇಕು, ಡೋಸ್ ಇಳಿಸಬೇಕೋ ನಿಲ್ಲಿಸಬೇಕೋ ಎಂದು ಅವರು ನೋಡುತ್ತಾರೆ. ‘ಇವರು ಟೈಲರ್’ ಎಂದು ಈಗಲೇ ಫೈಲಿನಲ್ಲಿ ಬರೆಸಿ. ಆಪರೇಷನ್‌ನಲ್ಲಿ ಕಂಕುಳಿನ ಗಂಟುಗಳನ್ನು ತೆಗೆದರೆ ಆ ಕೈ ಊದಿಕೊಳ್ಳುವ ಸಾಧ್ಯತೆ ಇರುತ್ತದೆ. ಆ ಕೈಯಲ್ಲಿ ತುಂಬಿದ ಬಿಂದಿಗೆ ಎತ್ತುವಂತಿಲ್ಲ, ಆದರೆ ಹೇಳಿಕೊಟ್ಟ ವ್ಯಾಯಾಮ ಮಾಡುತ್ತಾ ಬಂದರೆ ಮತ್ತೆ ಹೊಲಿಗೆಗೆ ಕೂರಬಹುದು. ಯಾವಾಗಿನಿಂದ, ಎಷ್ಟು ಹೊತ್ತು ಎಂದು ಫಿಸಿಯೋಥೆರಪಿಯವರನ್ನು ನೀವಲ್ಲ, ಅವರೇ ಕೇಳಲಿ.

ಇವತ್ತು ಮನೆಗೆ ಹೋದಾಗ ಮೆಷಿನ್ ಮೇಲಿನ ಬಟ್ಟೆಯನ್ನು ನೀವೇ ಎಳೆದು ತೆಗೆಯಬೇಡಿ. ಮುಚ್ಚುವಾಗ ಅವರನ್ನು ಕೇಳಿರಲಿಲ್ಲ, ತೆರೆಯುವುದಕ್ಕಾದರೂ ಕೇಳಿ. ಈಗ ಬೇಡ ಅಂದರೆ ಹಾಗೇ ಇರಲಿ, ಮೂರನೇ ವಾರ ಬಂದಾಗ ಇನ್ನೊಮ್ಮೆ ಕೇಳಿ.